ನುಂಗಿದ ಮಾತ್ರೆ ನದಿ ಸೇರುವ ಮುನ್ನ

ಬೋಡಿಮೆಟ್ಟು ಘಾಟಿಯಿಂದ ತಮಿಳುನಾಡಿನ ತೇನಿ ಕಡೆಗೆ ಇಳಿಯುವ ಮಳೆನೀರು ವೈಗೈ ಸೇರುತ್ತದೆ. ದಿಂಡಿಗಲ್‌ನ ಕೊಡಗನಾರ್ ಹೊಳೆ ಅಮರಾವತಿಯ ಜೊತೆಗೂಡಿ ಕಾವೇರಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಊರುಗಳ ಚರಂಡಿ ನೀರೂ ನದಿಗೇ ಬಂದು ಬೀಳುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಕೊಳೆಯೊಂದಿದೆ: ನಾವು ನುಂಗಿದ ಔಷಧಿ.

ಮದ್ರಾಸ್ ಐಐಟಿಯ ಲಿಜಿ ಫಿಲಿಪ್ ಅವರ ತಂಡ ಎರಡು ವರ್ಷ ಕಾವೇರಿಯ ನೀರನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿತು. ಸಿಕ್ಕಿದ್ದು ನೋವಿನ ಐಬುಪ್ರೊಫೆನ್, ಡೈಕ್ಲೋಫೆನಾಕ್, ರಕ್ತದೊತ್ತಡದ ಅಟೆನೊಲಾಲ್, ಆಂಟಿಬಯಾಟಿಕ್ ಆದ ಸಿಪ್ರೊಫ್ಲಾಕ್ಸಾಸಿನ್. ಮನೆಮನೆಯ ಔಷಧಿ ಡಬ್ಬಿಯಲ್ಲಿರುವ ಹೆಸರುಗಳೇ ಇವು.

ಮಾತ್ರೆಯ ಔಷಧಿ ಪೂರ್ತಿ ಮೈಗೆ ಹತ್ತುವುದಿಲ್ಲ. ಒಂದು ಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳು ಮಲಮೂತ್ರದ ಕೊಳೆಯನ್ನು ಅರಗಿಸುತ್ತವೆ. ಆದರೆ ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್‌ನಂಥದ್ದು ಅವಕ್ಕೆ ದಕ್ಕದೆ ಬಹುಪಾಲು ಹಾಗೇ ದಾಟಿಹೋಗುತ್ತದೆ. ನೀರಿನಲ್ಲಿ ಉಳಿಯುವ ಔಷಧಿಯ ಪ್ರಮಾಣ ಬಲು ಸಣ್ಣದು. ಆದರೂ ಆಂಟಿಬಯಾಟಿಕ್ ಬೆರೆತ ನೀರಿನಲ್ಲೇ ಬೆಳೆಯುವ ರೋಗಾಣುಗಳು ಮುಂದೆ ಆ ಔಷಧಿಗೆ ಬಗ್ಗದಂತಾಗುವ ಅಪಾಯವಿದೆ.

ಇದಕ್ಕೊಂದು ಉಪಾಯ ಓಝೋನ್. ಆಮ್ಲಜನಕದ ಮೂರು ಪರಮಾಣು ಸೇರಿದ ಈ ಅನಿಲ ಬೇಗ ಒಡೆದುಹೋಗುವುದರಿಂದ, ಆಮ್ಲಜನಕದ ಮೂಲಕ ವಿದ್ಯುತ್ ಹಾಯಿಸಿ ಘಟಕದಲ್ಲೇ ತಯಾರಿಸಬೇಕು. ನೀರಿಗೆ ಬಿಟ್ಟೊಡನೆ ಅದು ಅಣುಗಳ ಜೋಡಿಬಂಧಗಳ ಮೇಲೆ ಎರಗುತ್ತದೆ. ಬ್ಯಾಕ್ಟೀರಿಯಾಗೆ ಸೋಲದ ಕಾರ್ಬಮಜೆಪಿನ್ ಓಝೋನಿಗೆ ಬೇಗ ಸೋಲುತ್ತದೆ.

ಐಬುಪ್ರೊಫೆನ್ ಮಾತ್ರ ಅಷ್ಟು ಸುಲಭವಾಗಿ ಮಣಿಯದು. ರಾಸಾಯನಿಕ ಕ್ರಿಯೆಯನ್ನು ಚುರುಕಾಗಿಸುವ ಕ್ರಿಯಾವರ್ಧಕ (ಕ್ಯಾಟಲಿಸ್ಟ್) ಬೇಕಾಗುವುದು ಇಲ್ಲಿ. ಮ್ಯಾಂಗನೀಸ್ ಅಥವಾ ಕಬ್ಬಿಣದ ಆಕ್ಸೈಡ್, ಇಲ್ಲವೇ ಸಕ್ರಿಯ ಇದ್ದಿಲು ಓಝೋನನ್ನು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತದೆ. ಇವು ಕ್ಷಣಮಾತ್ರ ಬದುಕುತ್ತವೆ, ಆದರೆ ಹೆಚ್ಚುಕಡಿಮೆ ಯಾವ ಔಷಧಿಯನ್ನೂ ಬಿಡುವುದಿಲ್ಲ.

ತೊಡಕುಗಳೂ ಉಂಟು. ನೀರಿನಲ್ಲಿ ಬ್ರೋಮೈಡ್ ಇದ್ದರೆ ಓಝೋನ್ ಅದನ್ನು ಹಾನಿಕರ ಬ್ರೋಮೇಟ್ ಮಾಡಬಲ್ಲದು. ಒಡೆದ ಔಷಧಿಯ ಚೂರುಗಳನ್ನು ಹಿಡಿಯಲು ಮರಳಿನ ಅಥವಾ ಇದ್ದಿಲಿನ ಸೋಸುಪದರ ಬೇಕು. ಕ್ರಿಯಾವರ್ಧಕದಿಂದ ಲೋಹ ನೀರಿಗೆ ಸೋರದಂತೆಯೂ ನೋಡಿಕೊಳ್ಳಬೇಕು. ಹಾಗಾಗಿ ಊರಿನ ಕೊಳೆನೀರಿಗೆ ಕ್ರಿಯಾವರ್ಧಕದ ಬಳಕೆ ಇನ್ನೂ ಹೆಚ್ಚಾಗಿ ಪ್ರಯೋಗದ ಹಂತದಲ್ಲಿದೆ. ಬರಿಯ ಓಝೋನ್ ಮಾತ್ರ ಆಗಲೇ ಕೆಲಸಕ್ಕೆ ಇಳಿದಿದೆ: ಸ್ವಿಟ್ಜರ್ಲೆಂಡಿನ ಡ್ಯೂಬೆನ್‌ಡಾರ್ಫ್‌ನ ನೊಯ್‌ಗುಟ್ ಘಟಕ 2014ರಿಂದ ಅದನ್ನು ಬಳಸುತ್ತಿದೆ. ಕೊಳೆನೀರಿನಿಂದ ಇಂಥ ಔಷಧಿ ತೆಗೆಯುವ ಹೆಚ್ಚುವರಿ ಶುದ್ಧೀಕರಣದ ಖರ್ಚಿನ ಕನಿಷ್ಠ ಶೇ. 80ನ್ನು ಔಷಧಿ ಮತ್ತು ಸೌಂದರ್ಯವರ್ಧಕ ತಯಾರಕರೇ ಭರಿಸಬೇಕೆಂದು ಯುರೋಪಿಯನ್ ಒಕ್ಕೂಟ 2024ರಲ್ಲಿ ನಿಯಮ ಮಾಡಿತು.

ನಮ್ಮಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬರದ ಸೀಮೆಗೆ ಆ ನೀರು ಬೇಕೇ ಬೇಕು. ಅದಕ್ಕೇ ಔಷಧಿಯನ್ನು ಸೋಸುವ ಕೆಲಸವೂ ಯೋಜನೆಯ ಲೆಕ್ಕದೊಳಗೆ ಬರಬೇಕು. ಔಷಧಿ ದಟ್ಟವಾಗಿ ಹೊರಬರುವ ಆಸ್ಪತ್ರೆ, ಕಾರ್ಖಾನೆಗಳ ಕೊಳವೆಗಳಿಂದ ಶುರುಮಾಡಿದರೆ ಓಝೋನೂ ಕಡಿಮೆ ಸಾಕು, ಖರ್ಚೂ ಕೈಮೀರದು.