ಸಾಠ್ ಕಬರ್

ಹವಳಗಾದವರಿಗೆ ಅಫಜಲಪುರವೆಂದರೆ ತಾಲೂಕಿನ ಊರು. ವಿಜಯಪುರದ ಪಶ್ಚಿಮಕ್ಕೂ ಆ ಹೆಸರಿನ ಪೇಟೆಯೊಂದಿತ್ತು. ಆದಿಲಶಾಹಿಯ ಸರದಾರ ಅಫಜಲಖಾನನ ವಾಸಸ್ಥಾನವದು. ಮಹಲಿನ ವೈಭವ ಅಳಿದಿದೆ. ಸಮೀಪದ ಸಾಠ್ ಕಬರಿನಲ್ಲಿ ದೆವ್ವಗಳುಂಟೆಂಬ ಮಾತು ಮಾತ್ರ ಉಳಿದಿದೆ.

1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಖಾನನು ಮರಳಲಾರನೆಂದು ಜ್ಯೋತಿಷಿಗಳು ನುಡಿದರಂತೆ. ತನ್ನ ಬಳಿಕ ಪತ್ನಿಯರು ಪರರ ಪಾಲಾಗಬಾರದೆಂದು ಆತನು ಅವರನ್ನು ಒಬ್ಬೊಬ್ಬರನ್ನಾಗಿ ಬಾವಿಗೆ ನೂಕಿಸಿದನಂತೆ. ಇದೆಲ್ಲ ಜನರ ಬಾಯಲ್ಲಿ ಬಂದ ಕಥೆ. ಕಣ್ಣಿಗೆ ಕಾಣುವುದು ಬೇರೆ: ಕಪ್ಪುಕಲ್ಲಿನ ಅರವತ್ತರಷ್ಟು ಗೋರಿಗಳು, ಸಾಲುಸಾಲಾಗಿ, ಒಂದೇ ಅಳತೆ, ಒಂದೇ ಅಂತರ. ಮೇಲ್ಭಾಗ ಚಪ್ಪಟೆ, ದಖ್ಖನಿನಲ್ಲಿ ಅದು ಹೆಣ್ಣಿನ ಗೋರಿಯ ಗುರುತು. ಒಂದು ಗೋರಿ ಬರಿದು. ಒಬ್ಬಳು ತಪ್ಪಿಸಿಕೊಂಡಳೆನ್ನುತ್ತಾರೆ, ಹಾಗೆಯೇ ಆಗಿರಲೆಂದು ನನ್ನ ಆಸೆ. ಕಟ್ಟಿಸಿದ ಕೈ ಒಂದೇ ಎಂದು ಈ ಸಾಲುಗಳಿಂದ ಊಹಿಸಬಹುದು. ಕೊಲೆಯನ್ನು ಇವುಗಳಿಂದಲೇ ಸಾಧಿಸಲಾಗದು.

ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಖಾನನು ಹತನಾದ. ಇಲ್ಲಿ ತನಗಾಗಿ ಕಟ್ಟಿಸುತ್ತಿದ್ದ ಗೋರಿ ಪೂರ್ಣಗೊಳ್ಳಲಿಲ್ಲ. ಆತನ ದೇಹವೂ ಇಲ್ಲಿಗೆ ಬರಲಿಲ್ಲ.

ಹೊತ್ತು ಇಳಿಯುವವರೆಗೆ ಸಾಲುಗಳ ನಡುವೆ ಅಡ್ಡಾಡಿದೆ. ದೆವ್ವ ಕಾಣಲಿಲ್ಲ. ಒಬ್ಬಳದಾದರೂ ಹೆಸರು ಸಿಕ್ಕೀತೆಂದು ಕಲ್ಲುಗಳನ್ನು ನೋಡುತ್ತ ಹೋದೆ, ಅದೂ ಸಿಗಲಿಲ್ಲ.