ಫ್ಯಾನಿನ ಬೆನ್ನ ಹಿಂದೆ

ತದಡಿಯಲ್ಲಿ ಇಳಿತದ ಹೊತ್ತು. ಅಘನಾಶಿನಿಯ ನೀರು ಹಿಂದೆ ಸರಿದಷ್ಟೂ ಕಪ್ಪು ಕೆಸರು ಬಯಲಾಗುತ್ತ ಹೋಗುತ್ತದೆ, ಕೊಕ್ಕರೆಗಳು ಅದರ ಮೇಲೆ ಹುಷಾರಾಗಿ ಕಾಲಿಡುತ್ತ ಮೇಯುತ್ತಿವೆ. ಒಣಮೀನಿನ ವಾಸನೆಗೆ ಸೀಮೆಎಣ್ಣೆಯ ಘಾಟು ಬೆರೆತಿದೆ. ನಮ್ಮ ರಾಯಾಪುರದ ಕೈಗಾರಿಕಾ ಪ್ರದೇಶದಲ್ಲಿ ಯಂತ್ರ ಬಿಚ್ಚುವುದೆಂದರೆ ತಗಡಿನ ಶೆಡ್ಡು, ವೈಸು, ಲೇತಿನ ಗಿರ್ರನೆಯ ಸದ್ದು. ಇಲ್ಲಿ ದಂಡೆಗೆ ಎಳೆದ ನಾಡದೋಣಿ, ಒಂದು ಗೋಣಿಚೀಲ, ಅದರ ಮೇಲೆ ನಾಲ್ಕು ಪಾನಾ, ಒಂದು ಇಕ್ಕಳ. ಅಷ್ಟೇ.

ದೋಣಿಯ ಹಿಂಬದಿಗೆ ಕಚ್ಚಿಸಿದ ಎಂಜಿನ್ನನ್ನು ಮೇಲಕ್ಕೆ ವಾಲಿಸಿದ್ದಾರೆ. ಪ್ರೊಪೆಲ್ಲರ್ ಎಂದು ಇಲ್ಲಿ ಯಾರೂ ಅನ್ನುವುದಿಲ್ಲ, ಅದು ಫ್ಯಾನು. ಮೂರು ಅಲ್ಯೂಮಿನಿಯಂ ರೆಕ್ಕೆಗಳಲ್ಲಿ ಒಂದರ ತುದಿ ಮಡಚಿದೆ, ಇನ್ನೊಂದರ ಅಂಚು ಚೂರು ಹಾರಿದೆ. ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಈ ನದಿಯ ಅಳಿವೆಯಲ್ಲಿ ಉಪ್ಪುನೀರು, ಸಿಹಿನೀರು ಕಲೆತು ಚಿಪ್ಪುಜೀವಿಗಳು ಸಮೃದ್ಧವಾಗಿ ಬೆಳೆಯುತ್ತವೆ. 2024ರಲ್ಲಿ ನಮ್ಮ ಕಡೆಯ ಮಾಗಡಿ ಕೆರೆಯ ಜೊತೆಗೇ ಈ ಅಳಿವೆಯೂ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೆ ಇಳಿತದಲ್ಲಿ ದಾರಿ ತಪ್ಪಿದ ದೋಣಿಗೆ ಚಿಪ್ಪು ಅಂಟಿದ ಬಂಡೆ ಬಂಡೆಯೇ.

ದೋಣಿಯ ಹಿರಿಯರು ಮೊದಲು ಫ್ಯಾನಿಗೆ ಕೈ ಹಾಕುವುದಿಲ್ಲ. ಪ್ಲಗ್ಗಿನ ಟೋಪಿ ಕಳಚಿ ಪಕ್ಕಕ್ಕಿಡುತ್ತಾರೆ. ಕೈಯಲ್ಲಿ ಫ್ಯಾನು ತಿರುಗಿಸುವಾಗ ಎಂಜಿನ್ ಒಮ್ಮೆ ಕಿಡಿ ಕಂಡರೂ ಬೆರಳು ಹೋದಂತೆಯೇ. ಆಮೇಲೆ ಸ್ಪ್ಲಿಟ್ ಪಿನ್ನಿನ ಬಾಗಿದ ಕಾಲುಗಳನ್ನು ಇಕ್ಕಳದಿಂದ ನೆಟ್ಟಗೆ ಮಾಡಿ, ತುಸು ಅಲುಗಿಸಿ ಎಳೆಯುತ್ತಾರೆ; ಕಿಲುಬು ಉದುರುತ್ತ ಅದು ಹೊರಬರುತ್ತದೆ. ನಟ್ಟಿಗೆ ಪಾನಾ ಹಾಕಿದರೆ ಫ್ಯಾನೂ ಜೊತೆಗೇ ತಿರುಗುತ್ತದೆಯಲ್ಲ, ಅದಕ್ಕೆ ರೆಕ್ಕೆಗೂ ಮೇಲಿನ ಚಪ್ಪಟೆ ತಟ್ಟೆಗೂ ನಡುವೆ ಮರದ ತುಂಡು ಸಿಕ್ಕಿಸುತ್ತಾರೆ. ನಟ್ಟು ಕಿರ್ ಎಂದು ಸಡಿಲಿತು. ಫ್ಯಾನು ಮಾತ್ರ ಅಲ್ಲಾಡಲಿಲ್ಲ.

ಉಪ್ಪು ಹಿಡಿದು ಶಾಫ್ಟಿಗೆ ಕಚ್ಚಿಕೊಂಡಿದೆ. ಜೊತೆಗಿದ್ದ ಹುಡುಗ ಸುತ್ತಿಗೆ ಎತ್ತಿದ.

“ಹೊಡೀಬೇಡ ತಮಾ, ಗೇರು ಹೋಗ್ತದೆ.”

ಚಹದಂಗಡಿಯಿಂದ ಕುದಿನೀರು ಬಂತು. ಫ್ಯಾನಿನ ನಡುಭಾಗಕ್ಕೆ ನಿಧಾನವಾಗಿ ಸುರಿದರು, ಹಬೆಯ ಜೊತೆ ಹಳೇ ಗ್ರೀಸಿನ ಕಮಟು ಎದ್ದಿತು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಹಿಡಿತ ಸಡಿಲಾಗುತ್ತದೆ. ಬೆಂಕಿ ಹಿಡಿದರೆ ಕೆಲಸ ಬೇಗ ಮುಗಿದೀತು, ಒಳಗಿನ ರಬ್ಬರ್ ಬುಷ್ ಸುಟ್ಟುಹೋದೀತು. ಬಂಡೆಯ ಏಟು ಬಿದ್ದ ಕ್ಷಣ ತಾನು ಜಾರಿ ಗೇರುಹಲ್ಲುಗಳನ್ನು ಉಳಿಸುವುದು ಆ ರಬ್ಬರೇ. ಅದು ಪೂರ್ತಿ ಸಡಿಲಾದರೆ ಎಂಜಿನ್ ಎಷ್ಟು ಅರಚಿದರೂ ದೋಣಿ ಮುಂದೆ ಹೋಗುವುದಿಲ್ಲ.

ಮರದ ತುಂಡು ಒತ್ತಿಟ್ಟು ಅತ್ತಿತ್ತ ಮೆಲ್ಲಗೆ ತಟ್ಟಿ, ಎರಡೂ ಕೈಯಲ್ಲಿ ಎಳೆದಾಗ ಫ್ಯಾನು ಕಳಚಿತು. ನೋಡುವವರಿಗೆ ಕೆಲಸ ಮುಗಿಯಿತು ಅನಿಸುವುದು ಈ ಗಳಿಗೆಯಲ್ಲೇ. ನಿಜವಾದ ತಪಾಸಣೆ ಶುರುವಾಗುವುದೂ ಇಲ್ಲೇ. ಫ್ಯಾನಿನ ಹಿಂದಿನ ವಾಷರ್ ತೆಗೆದರೆ ಶಾಫ್ಟಿನ ಬುಡದಲ್ಲಿ ಗಾಳದ ನೈಲಾನ್ ದಾರ ಬಿಗಿದು ಸುತ್ತಿಕೊಂಡು ಉಂಗುರವಾಗಿದೆ. ಬಂಡೆಯ ಏಟು ಎಲ್ಲರ ಕಣ್ಣಿಗೆ ಬೀಳುತ್ತದೆ. ಈ ದಾರ ಸದ್ದಿಲ್ಲದೆ ಆಯಿಲ್ ಸೀಲನ್ನು ಕೊಯ್ದು ಗೇರುಪೆಟ್ಟಿಗೆಗೆ ಉಪ್ಪುನೀರು ಬಿಡುತ್ತದೆ. ನನ್ನ ಮಟ್ಟಿಗೆ ಎರಡರಲ್ಲಿ ದೊಡ್ಡ ಶತ್ರು ಇದೇ. ಹಿರಿಯರು ದಾರವನ್ನು ಬ್ಲೇಡಿನಿಂದ ಎಳೆಎಳೆಯಾಗಿ ಬಿಡಿಸಿ, ಕೆಳಗಿನ ಸ್ಕ್ರೂ ತುಸು ಸಡಿಲಿಸಿ ಎಣ್ಣೆಯ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದರು. ನೀರು ಸೇರಿದ್ದರೆ ಅದು ಹಾಲಿನಂತೆ ಬೆಳ್ಳಗಿರುತ್ತಿತ್ತು. ಬೆಳ್ಳಗಿಲ್ಲ. ಅವರ ಮುಖ ಸಡಿಲಾಯಿತು.

ಮಳೆಗಾಲದ ಹೊಸ್ತಿಲಲ್ಲಿ ಇದು ಸಣ್ಣ ಸಮಾಧಾನವಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರೀಕೃತ ದೋಣಿಗಳು ದಕ್ಕೆಯಲ್ಲೇ ನಿಲ್ಲುತ್ತವೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗೆ ಆಗಲೂ ಕಡಲು ತೆರೆದಿರುತ್ತದೆ. ಆ ದಿನಗಳ ಗಳಿಕೆಯೆಲ್ಲ ಈ ಪುಟ್ಟ ಎಂಜಿನ್ನಿನ ಮೇಲೆ.

ಹೊಸ ಫ್ಯಾನಿನ ಮೇಲೆ ಅಚ್ಚಾದ ಅಂಕೆಗಳನ್ನು ಹಳೆಯದರ ಜೊತೆ ತಾಳೆ ನೋಡುತ್ತಾರೆ. ಮೊದಲಿನದು ಇಂಚಿನಲ್ಲಿ ಅಗಲ, ಎರಡನೆಯದು ಒಂದು ಸುತ್ತು ತಿರುಗಿದಾಗ ಲೆಕ್ಕದ ಪ್ರಕಾರ ಅದು ಮುಂದೆ ಸಾಗಬೇಕಾದ ದೂರ. ಶಾಫ್ಟಿನ ಗೀರುಗಳಿಗೆ ಗ್ರೀಸು ಬಳಿದು, ಕಳಚಿದ ಕ್ರಮದಲ್ಲೇ ವಾಷರ್, ಫ್ಯಾನು, ನಟ್ಟು. ಪಿನ್ನು ಮಾತ್ರ ಹೊಸದೇ ಆಗಬೇಕು. ಒಮ್ಮೆ ಬಾಗಿದ್ದನ್ನು ನಂಬುವಂತಿಲ್ಲ.

ದೋಣಿಯನ್ನು ನೀರಿಗೆ ತಳ್ಳಿದ ಮೇಲೆಯೇ ಹುಡುಗ ಹಗ್ಗ ಎಳೆದ. ಎಂಜಿನ್ ಕೆಮ್ಮಿ ಹತ್ತಿಕೊಂಡಿತು, ಪಕ್ಕದ ತೂತಿನಿಂದ ಎಂಜಿನ್ ತಣಿಸುವ ನೀರಿನ ಸಣ್ಣ ಧಾರೆ ಚಿಮ್ಮಿತು. ಗೇರು ಬೀಳುತ್ತಲೇ ದೋಣಿ ಎದೆ ಎತ್ತಿತು. ನಡುಕ ಇಲ್ಲವೆಂದು ಖಾತ್ರಿಯಾದ ಮೇಲೆ ಹಿರಿಯರು ಅಲ್ಲಿಂದಲೇ ದಂಡೆಯವರಿಗೆ ಬಲೆ ತರಲು ಕೂಗಿದರು.