ಮೂರು ವಾರವಾದರೂ ಮಾಯದ ಬಾಯಿಹುಣ್ಣು

ಬಾಯಲ್ಲಿ ಹುಣ್ಣಾದರೆ 'ಉಷ್ಣವಾಗಿದೆ, ಎಳನೀರು ಕುಡಿ' ಎನ್ನುವುದು ನಮ್ಮ ಮನೆಗಳ ವಾಡಿಕೆ. ಸಾಮಾನ್ಯ ಹುಣ್ಣು ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಕೀರ್ತಿ ಎಳನೀರಿಗೋ ಬಿ ಕಾಂಪ್ಲೆಕ್ಸ್ ಮಾತ್ರೆಗೋ ಸಲ್ಲುತ್ತದೆ. ಆದರೆ ಮೂರು ವಾರ ಕಳೆದರೂ ಮಾಯದೆ, ಒಂದರ ಪಕ್ಕ ಇನ್ನೊಂದು ಹುಟ್ಟುತ್ತಾ, ಕೆನ್ನೆಯ ಒಳಭಾಗ, ವಸಡುಗಳ ಪದರ ಸುಲಿಯುತ್ತಿದ್ದರೆ ಮನೆಮದ್ದು ಸಾಕು ಮಾಡಿ, ವೈದ್ಯರಲ್ಲಿಗೆ ಹೋಗಿ.

ಅದು 'ಪೆಂಫಿಗಸ್ ವಲ್ಗ್ಯಾರಿಸ್' ಇರಬಹುದು. ಅಪರೂಪದ ಕಾಯಿಲೆ. ರೋಗಾಣುಗಳೊಡನೆ ಹೋರಾಡಬೇಕಾದ ಪ್ರತಿಕಾಯಗಳು ನಮ್ಮದೇ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ತಿರುಗಿಬೀಳುತ್ತವೆ. ಗಾರೆ ಸಡಿಲಿದ ಗೋಡೆಯಂತೆ ಪದರ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಬಾಯೊಳಗಿನ ಗುಳ್ಳೆ ಬೇಗ ಒಡೆಯುವುದರಿಂದ ನಿಮಗೆ ಕಾಣುವುದು ಹುಣ್ಣು ಮಾತ್ರ. ಮೈಮೇಲೆ ಗುಳ್ಳೆ ಏಳುವ ಎಷ್ಟೋ ತಿಂಗಳು ಮೊದಲೇ ಅನೇಕರ ಬಾಯಿ ಹುಣ್ಣಾಗಿರುತ್ತದೆ. ವ್ಯರ್ಥವಾಗುವುದು ಆ ತಿಂಗಳುಗಳೇ. ಅಂದಹಾಗೆ ಇದು ಅಂಟುರೋಗವಲ್ಲ. ರೋಗಿಯ ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಕಾಯಿಲೆ ಖಚಿತವಾಗುವುದು ಬಯಾಪ್ಸಿಯಿಂದ. ಹುಣ್ಣಿನ ಅಂಚಿನಿಂದ ಒಂದು, ಪಕ್ಕದ ಹುಣ್ಣಾಗದ ಜಾಗದಿಂದ ಇನ್ನೊಂದು ಸಣ್ಣ ಚೂರು ತೆಗೆಯುತ್ತಾರೆ. ಬಯಾಪ್ಸಿ ಎಂದೊಡನೆ ಕ್ಯಾನ್ಸರ್ ಎಂದು ಗಾಬರಿಯಾಗಬೇಡಿ.

1950ರ ದಶಕದಲ್ಲಿ ಸ್ಟೀರಾಯ್ಡ್ ಬಳಕೆಗೆ ಬರುವ ಮುನ್ನ ಬಹುತೇಕ ರೋಗಿಗಳು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ.ಎಸ್. ಪಸ್ರೀಚಾ 'ಪಲ್ಸ್' ಚಿಕಿತ್ಸೆ ರೂಪಿಸಿದರು: 28 ದಿನಗಳಿಗೊಮ್ಮೆ, ಸತತ 3 ದಿನ, 100 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಡ್ರಿಪ್, ಜೊತೆಗೆ ಸೈಕ್ಲೋಫಾಸ್ಫಮೈಡ್. ನಮ್ಮ ದೇಶದ ಅನೇಕ ರೋಗಿಗಳಿಗೆ ಅದು ಆಸರೆಯಾಯಿತು. ಈಗ ರಿಟುಕ್ಸಿಮ್ಯಾಬ್ ಎಂಬ ಚುಚ್ಚುಮದ್ದು ಮುಂಚೂಣಿಗೆ ಬಂದಿದೆ. ಅಮೆರಿಕದಲ್ಲಿ ಈ ಕಾಯಿಲೆಗೆ ಅದಕ್ಕೆ 2018ರಲ್ಲಿ ಒಪ್ಪಿಗೆ ದೊರೆಯಿತು. ಸಾಮಾನ್ಯವಾಗಿ 1 ಗ್ರಾಂನಂತೆ ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಕೊಡುತ್ತಾರೆ. ದುಬಾರಿ ನಿಜ. ಕೊಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು.

ನೋವು ಕಡಿಮೆಯಾಯಿತೆಂದೋ ಮುಖ ಊದಿತೆಂದೋ ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ರಕ್ತದ ಸಕ್ಕರೆ, ರಕ್ತದೊತ್ತಡಗಳನ್ನು ಆಗಾಗ ನೋಡಿಸಿಕೊಳ್ಳಿ. ನಾಲಿಗೆಯ ಮೇಲೆ ಬಿಳಿಯ ಪದರ ಕಟ್ಟಿದರೆ ಅದು ಶಿಲೀಂಧ್ರದ ಸೋಂಕಿರಬಹುದು, ವೈದ್ಯರಿಗೆ ತಿಳಿಸಿ.

ಅಡುಗೆ ಮಾಡುವವರಿಗೊಂದು ಮಾತು. ಖಾರ, ಹುಳಿ, ಚಕ್ಕುಲಿ ನಿಪ್ಪಟ್ಟುಗಳನ್ನು ದೂರವಿಡಿ. ಆರಿದ ಗಂಜಿ, ಹುಳಿಯಾಗದ ಮೊಸರಿನಲ್ಲಿ ಮೆತ್ತಗೆ ಕಲಸಿದ ಅನ್ನ ಕೊಡಿ. ಹಲ್ಲುಜ್ಜಲು ಮಕ್ಕಳ ಮೆದು ಬ್ರಷ್ ವಾಸಿ. ಮೈಮೇಲಿನ ಗುಳ್ಳೆ ಒಣಗಿದರೂ ಬಾಯಿ ಮಾತ್ರ ತಿಂಗಳುಗಟ್ಟಲೆ ಸತಾಯಿಸುವುದುಂಟು. ಹಾಗಾದರೆ ಔಷಧ ಹಿಡಿಯಲಿಲ್ಲವೆಂದು ಆಸ್ಪತ್ರೆ ಬದಲಿಸಬೇಡಿ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬಾಯಿ ಮಾಯುವುದು ಕೊನೆಗೆ.